ಚುಕ್ಕಿ ಆದಮೇಲಿನ ಕುಲ

ಬೇರೆಯವರ ಅಂಗಡಿಗೆ ಗಿರಾಕಿಗಳು ಬರುತ್ತಾರೆ, ನನ್ನ ಅಂಗಡಿಗೆ ತೆರೆಯದ ಫೈಲುಗಳು ಬರುತ್ತವೆ. ಒಂದನ್ನು ತೆರೆದು ಕಳಿಸಿ ಉಸ್ಸಪ್ಪಾ ಎಂದು ಕೂರುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ಬೈದುಕೊಳ್ಳುತ್ತಲೇ ತೆರೆಯುತ್ತೇನೆ. ನಕ್ಕದ್ದು ಮಾತ್ರ ಬೈದದ್ದಕ್ಕಿಂತ ಹೆಚ್ಚು.

ಗೋಡೆ ಬರಹ

ತಮಿಳುನಾಡಿನ ಉತ್ತಮಪಾಳಯಂ ಬಸ್ ಸ್ಟಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಲ್ಯಾಮಿನೇಷನ್ ಮೆಷಿನ್, ಮತ್ತು ಬಾಗಿಲ ಪಕ್ಕದ ಬೆಂಚಿನ ಮೇಲೆ ನಮ್ಮ ಮಾವ. ಇವರು ನನ್ನ ಗಂಡನ ಸೋದರಮಾವ. ಬೆಳಿಗ್ಗೆ ಪೇಪರ್ ಓದಲು ಬರುತ್ತಾರೆ, ಮಧ್ಯಾಹ್ನದ ಊಟಕ್ಕೆ ಕರೆ ಬಂದರಷ್ಟೇ ಏಳುತ್ತಾರೆ.

ಅಂಗಡಿ ತೆರೆದಾಗ ಗೋಡೆಗೆ ಬರೆಯಲು ಒಬ್ಬ ಪೇಂಟರನ್ನು ಕರೆಸಿದ್ದೆ. ಜೆರಾಕ್ಸ್, ಪ್ರಿಂಟ್, ಲ್ಯಾಮಿನೇಷನ್ ಎಂದು ಬರೆ ಅಂದಿದ್ದೆ. ಬರೆದು ಮುಗಿಸಿದ ಮೇಲೂ ಗೋಡೆ ಉಳಿದಿತ್ತಂತೆ. ಖಾಲಿ ಬಿಟ್ಟರೆ ಚೆನ್ನಾಗಿರುವುದಿಲ್ಲ ಅಂತ ಆ ಪುಣ್ಯಾತ್ಮ ತನ್ನ ಕೈಯಿಂದಲೇ ಒಂದು ಸಾಲು ಸೇರಿಸಿದ: 'ಎಂತಹ ಫೈಲಾದರೂ ತೆರೆದುಕೊಡಲಾಗುವುದು.' ನಾನು ಊಟ ಮುಗಿಸಿ ಬಂದು ನೋಡುವಾಗ ಬಣ್ಣ ಒಣಗಿತ್ತು. ಅಳಿಸೋಣವೆಂದರೆ ಆಗಲೇ ಇಬ್ಬರು ಅದನ್ನು ಓದಿಕೊಂಡು ಒಳಗೆ ಬಂದು ಕೂತಿದ್ದರು.

ಮಾವ ಬೆಂಚಿನಿಂದ ಎಲ್ಲವನ್ನೂ ನೋಡುತ್ತಿದ್ದರು. ಒಂದು ದಿನ ಕೇಳಿದರು, "ಅವ್ವಾ, ಎಲ್ಲಾ ಫೈಲೂ ಫೈಲೇ ಅಲ್ವಾ? ಒಂದು ತೆರೀತೈತೆ, ಇನ್ನೊಂದು ಮುಖ ತಿರುಗಿಸ್ತೈತೆ. ಯಾಕೆ?"

"ಹೆಸರಿನ ಕೊನೇಲಿ ಒಂದು ಚುಕ್ಕಿ ಇರುತ್ತೆ ನೋಡಿ ಮಾವ. ಚುಕ್ಕಿ ಆದಮೇಲೆ ಮೂರೋ ನಾಲ್ಕೋ ಅಕ್ಷರ. ಅದನ್ನ ನೋಡಿದರೆ ಈ ಫೈಲು ಯಾವ ಜಾತಿದು, ಯಾವುದರಲ್ಲಿ ತೆರೀಬೇಕು ಅಂತ ಗೊತ್ತಾಗುತ್ತೆ."

ಮಾವನ ಮುಖ ಅರಳಿತು. "ಹಂಗೆ ಹೇಳು ಮತ್ತೆ! ಚುಕ್ಕಿ ಹಿಂದಿರೋದು ಹೆಸರು, ಚುಕ್ಕಿ ಆದಮೇಲಿರೋದು ಕುಲ!"

ಇಲ್ಲಿ ಕನ್ನಡ ಮಾತಾಡುವ ನಮ್ಮವರಲ್ಲಿ ಕುಲ ಕೇಳದೆ ಸಂಬಂಧದ ಮಾತು ಹೊರಡುವುದಿಲ್ಲ. ಒಂದೇ ಕುಲದವರು ಅಣ್ಣತಂಗಿಯರ ಲೆಕ್ಕ, ಕೊಟ್ಟು ತರುವ ಹಾಗಿಲ್ಲ. ಮಾವ ಕಂಪ್ಯೂಟರ್ ಕಲಿತದ್ದು ಈ ಒಂದು ದಾರಿಯಲ್ಲೇ. ಅವರಿಗೆ ಆಗ ಕುಲದ್ದೇ ಧ್ಯಾನ, ಏಕೆಂದರೆ ಮನೆಯಲ್ಲಿ ಮೊಮ್ಮಗಳಿಗೆ ಗಂಡು ನೋಡುತ್ತಿದ್ದರು. ಹುಡುಗಿ ಕಂಬಂನಲ್ಲಿ ಶಾಲೆಯ ಟೀಚರ್. ಮೊದಲ ಗಂಡಿನ ಮಾತೆತ್ತಿದಾಗ ಹಲ್ಲಿ ತಪ್ಪು ದಿಕ್ಕಿನಲ್ಲಿ ಲೊಚಗುಟ್ಟಿತು ಅಂತ ಮಾವ ಬೇಡವೆಂದರು. ಎರಡನೆಯದಕ್ಕೆ ತಾಂಬೂಲದ ತಟ್ಟೆ ಎತ್ತುವಾಗ ಕರೆಂಟ್ ಹೋಯಿತು, ಅದೂ ಬೇಡವಾಯಿತು. "ಅತ್ತೆ, ತಾತನಿಗೆ ಬೇಕಾಗಿರೋದು ಗಂಡಲ್ಲ, ಕರೆಂಟ್ ಹೋಗದ ಊರು," ಅಂತ ಹುಡುಗಿ ನನ್ನ ಹತ್ತಿರ ಹೇಳಿಕೊಂಡು ನಕ್ಕಳು. ನಗುವಿನ ಹಿಂದೆ ಸಿಟ್ಟೂ ಇತ್ತು.

ಆವತ್ತು ನಾನು ಒಂದು ಪಿಡಿಎಫ್ ಫೈಲನ್ನು ಪಿಡಿಎಫ್ ರೀಡರ್‌ನಲ್ಲಿ ತೆರೆದು ತೋರಿಸಿದೆ. ನೋಡಿ ಮಾವ, ಹೀಗೆ, ಅಂದೆ.

ಮಾವ ಗಾಬರಿಯಾಗಿ ಎದ್ದು ನಿಂತರು. "ಅಯ್ಯಯ್ಯೋ, ಎರಡೂ ಒಂದೇ ಕುಲ! ಮುಚ್ಚವ್ವಾ, ಮುಚ್ಚು!"

ದಿಂಡಿಗಲ್ ಭಾವ

ನನ್ನ ಅಕ್ಕನ ಗಂಡ ದಿಂಡಿಗಲ್ಲಿನವರು, ಬೀಗ ಮಾಡುವ ಮನೆತನ. ಅವರ ಕೈಗೆ ಬಂದ ಬೀಗ ತೆರೆಯದೆ ಹೋದದ್ದಿಲ್ಲ. ಅದು ನಿಜವೂ ಹೌದು, ಅವರು ದಿನಾ ಹೇಳಿಕೊಳ್ಳುವ ಮಾತೂ ಹೌದು.

ಒಂದು ಸಲ ಮನೆ ಕಟ್ಟಿಸುವವರೊಬ್ಬರು ಬಾಗಿಲ ಬೀಗದ ನಕ್ಷೆಯನ್ನು ಅವರಿಗೆ ಕಳಿಸಿದರು. ಇಂಜಿನಿಯರುಗಳು ಬರೆಯುವ ನಕ್ಷೆ ಅದು, ಚುಕ್ಕಿ ಆದಮೇಲೆ ಡಿಡಬ್ಲ್ಯೂಜಿ. ಭಾವನ ಲ್ಯಾಪ್‌ಟಾಪಿನಲ್ಲಿ ತೆರೆಯಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಕಳಿಸಿದವರಿಗೇ ಫೋನ್ ಮಾಡುತ್ತಿದ್ದರು. ಬೀಗದವರು ಬೀಗ ತೆರೆಯಲಿಲ್ಲ ಅಂತ ಫೋನ್ ಮಾಡುವುದುಂಟೇ? ಒಂದು ರಾತ್ರಿ ಕೂತು ತಾವೇ ಒಂದು ಉಪಾಯ ಕಂಡುಹಿಡಿದರು. ಮದುವೆ ಫೋಟೊ ಎಲ್ಲ ಚೆನ್ನಾಗಿ ತೆರೆಯುತ್ತವೆ, ಅವಕ್ಕೆ ಕೊನೆಯಲ್ಲಿ ಜೆಪಿಜಿ ಅಂತ ಇದೆ. ಹಾಗಾದರೆ ಇದಕ್ಕೂ ಜೆಪಿಜಿ ಅಂತ ಹೆಸರಿಟ್ಟರಾಯಿತು!

ಇಟ್ಟರು. ಅದು ತೆರೆಯಲಿಲ್ಲ. ಬಹುಶಃ ಇದೊಂದಕ್ಕೇ ಇಟ್ಟದ್ದು ತಪ್ಪಾಯಿತೇನೋ ಅಂತ ಲ್ಯಾಪ್‌ಟಾಪಿನಲ್ಲಿದ್ದ ಎಲ್ಲ ಫೈಲಿಗೂ ಜೆಪಿಜಿ ಅಂತಲೇ ಇಟ್ಟರು. ಬಿಲ್ಲು, ಕೊಟೇಷನ್, ಅಕ್ಕನ ಅಡುಗೆ ವಿಡಿಯೊ, ಎಲ್ಲ. ಮರುದಿನ ಬೆಳಿಗ್ಗೆಯೇ ಲ್ಯಾಪ್‌ಟಾಪ್ ಎದೆಗವಚಿಕೊಂಡು ಬಸ್ಸಿಳಿದರು.

"ಏನಮ್ಮಾ, ನಿನ್ನೆವರೆಗೂ ಒಂದು ತೆರೀತಿರಲಿಲ್ಲ. ಈಗ ಒಂದೂ ತೆರೆಯಾಕಿಲ್ಲ," ಅಂದರು.

"ಭಾವ, ನಿಮ್ಮ ಮನೆ ಬಾಗಿಲಿಗೆ ಪಕ್ಕದ ಮನೆಯವರ ಹೆಸರು ಬರೆದರೆ ಒಳಗಿರೋ ಸಾಮಾನು ಅವರದಾಗುತ್ತಾ?"

ಭಾವನನ್ನು ಮಾಪಿಳ್ಳೆ, ಅಂದರೆ ಅಳಿಯ, ಅಂತಲೇ ಕರೆಯುವ ಮಾವ ಬೆಂಚಿನಿಂದಲೇ ತೀರ್ಪು ಕೊಟ್ಟರು. "ಕುಲ ಬದಲಾಯಿಸಿ ಹೇಳಿದ್ರೆ ರಕ್ತ ಬದಲಾಗ್ತೈತಾ ಮಾಪಿಳ್ಳೆ?"

ಪ್ರತಿಯೊಂದನ್ನೂ ಊಹಿಸಿ ಹಳೆಯ ಹೆಸರಿಗೆ ತರುವಷ್ಟರಲ್ಲಿ ಸಂಜೆಯಾಯಿತು. ಕೊನೆಗೆ ನಕ್ಷೆಯನ್ನೂ ತೆರೆದು, ಪಿಡಿಎಫ್ ಮಾಡಿ, ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆದುಕೊಟ್ಟೆ. ಭಾವ ಅದನ್ನು ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಮುಖ ಸಪ್ಪಗಾಯಿತು.

"ಏನು ಭಾವ, ಸರಿಯಿಲ್ಲವಾ?"

"ಸರಿಯಾಗೇ ಐತೆ. ಇದು ನಾನು ಹೋದ ವರ್ಷ ಮಾಡಿಕೊಟ್ಟ ಬೀಗವೇ. ಇಂಥದೇ ಇನ್ನೊಂದು ಬೇಕಂತೆ."

ದ್ರಾಕ್ಷಿ ತೋಟದ ಸೀಡಿ

ಕಂಬಂ ಕಡೆಯ ದ್ರಾಕ್ಷಿ ತೋಟದವರೊಬ್ಬರು ಸೊಂಟ ಹಿಡಿದುಕೊಂಡು ಅಂಗಡಿಗೆ ಬಂದರು. ಕೈಯಲ್ಲಿ ಒಂದು ಸೀಡಿ. ಅದರ ಮೇಲೆ ಬಿಳಿ ಬಿಳಿ ಕಲೆ, ನಡುವಿನ ತೂತಿಗೆ ಬಾಳೆನಾರಿನ ದಾರ.

"ಇದರೊಳಗೆ ನನ್ನ ಸೊಂಟ ಐತೆ ಅಮ್ಮಾ. ತೇನಿಯಲ್ಲಿ ಸ್ಕ್ಯಾನ್ ಮಾಡಿಸಿದ್ದು. ಡಾಕ್ಟರು ಈಗ ನೋಡಬೇಕು ಅಂತವ್ರೆ," ಅಂದರು.

ಆಸ್ಪತ್ರೆಯ ಸ್ಕ್ಯಾನ್ ಫೈಲುಗಳ ಕುಲವೇ ಬೇರೆ. ಚುಕ್ಕಿ ಆದಮೇಲೆ ಡಿಸಿಎಂ, ಸಾಮಾನ್ಯದ ಕಂಪ್ಯೂಟರು ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮಗನ ಕಂಪ್ಯೂಟರಿನಲ್ಲಿ ಹಾಕಿ ನೋಡಿದರಂತೆ, ತೆರೆಯಲಿಲ್ಲ. ತೆರೆಯದ ಮೇಲೆ ಇದರೊಳಗೆ ಏನೂ ಇಲ್ಲ ಅಂತ ತೀರ್ಮಾನಿಸಿ, ದ್ರಾಕ್ಷಿ ಚಪ್ಪರಕ್ಕೆ ನೇತುಹಾಕಿದರು. ನಮ್ಮ ಕಡೆ ಹಕ್ಕಿ ಓಡಿಸಲು ಹಳೆಯ ಸೀಡಿ ಕಟ್ಟುವುದು ವಾಡಿಕೆ, ಬಿಸಿಲಿಗೆ ಫಳಫಳ ಹೊಳೆದರೆ ಹಕ್ಕಿ ಹತ್ತಿರ ಬರುವುದಿಲ್ಲ.

"ಸೀಡಿ ಮೇಲೇ ಹಕ್ಕಿ ಹಿಕ್ಕೆ ಹಾಕಿದೆಯಲ್ಲಾ ಅಣ್ಣಾ?"

"ಅದು ಮೊದಲನೇ ದಿನ ಅಮ್ಮಾ. ಆಮೇಲೆ ಒಂದೂ ಬರಲಿಲ್ಲ."

ನಾನು ಸೋಪು ನೀರಿನಲ್ಲಿ ತೊಳೆದು, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಸ್ಕ್ಯಾನ್ ನೋಡುವ ಸಾಫ್ಟ್‌ವೇರ್ ಇಳಿಸಿಕೊಂಡು ಹಾಕಿದೆ. ಗೀರು ಬಿದ್ದಿತ್ತು, ಸೀಡಿ ಒಳಗೆ ಗರಗರ ಅಂತ ಸುತ್ತಿತು. ಅವರು ಎರಡು ಕೈ ಜೋಡಿಸಿಕೊಂಡು ನಿಂತಿದ್ದರು. ಕೊನೆಗೆ ಪರದೆಯ ಮೇಲೆ ಬೆನ್ನುಮೂಳೆ ಒಂದೊಂದೇ ಗೆಣ್ಣು ಕಾಣಿಸತೊಡಗಿತು. ನನಗೇ ಖುಷಿಯಾಯಿತು. ಅದನ್ನೆಲ್ಲ ಡಾಕ್ಟರ ಫೋನಿಗೆ ಹೋಗುವ ಹಾಗೆ ಚಿತ್ರ ಮಾಡಿಕೊಟ್ಟೆ.

ಅವರು ಪರದೆಯನ್ನೇ ದಿಟ್ಟಿಸಿ ನೋಡಿದರು. ನನ್ನ ಮೂಳೆಯಾ ಇದು, ಅಂದರು. ಹೌದು ಅಂದೆ. ತಲೆದೂಗಿ, ಸೀಡಿಯನ್ನು ವಾಪಸ್ ಇಸಿದುಕೊಂಡು ದಾರ ಸರಿಮಾಡಿದರು. "ಅಮ್ಮಾ, ಇಂಥದೇ ಇನ್ನೂ ಹತ್ತು ಕಾಪಿ ಹಾಕಿಕೊಡು."

"ಹತ್ತು ಡಾಕ್ಟರಿಗೆ ತೋರಿಸ್ತೀರಾ?"

"ಡಾಕ್ಟರಿಗೆ ಯಾಕೆ? ಪಕ್ಕದ ತೋಟದವನು ಸಿನಿಮಾ ಸೀಡಿ ಕಟ್ಟವ್ನೆ, ಅವನಿಗೆ ಹಕ್ಕಿ ಬಗ್ಗಾಕಿಲ್ಲ. ನನ್ನ ಸೊಂಟಕ್ಕೆ ಮಾತ್ರ ಹೆದರ್ತವೆ."

ಅರಿಶಿನದ ಪೆನ್‌ಡ್ರೈವ್

ಮದುವೆ ಪತ್ರಿಕೆ ಅಚ್ಚಾಗಿ ಬಂದರೆ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ಮೊದಲನೆಯದನ್ನು ದೇವರ ಮುಂದೆ ಇಟ್ಟು, ಆಮೇಲೆ ಹಂಚುವುದು. ಇದು ಎಲ್ಲರಿಗೂ ಗೊತ್ತಿರುವುದೇ. ಪೆನ್‌ಡ್ರೈವಿಗೂ ಇದೇ ನಿಯಮ ಅಂತ ನನಗೆ ಗೊತ್ತಿರಲಿಲ್ಲ.

ಮಗಳ ಮದುವೆ ಇಟ್ಟುಕೊಂಡ ಹೆಂಗಸೊಬ್ಬರು ಪೆನ್‌ಡ್ರೈವನ್ನು ವೀಳ್ಯದೆಲೆಯ ಮೇಲಿಟ್ಟುಕೊಂಡು ತಂದರು. ಡಿಸೈನ್ ಮಾಡಿದವನು ಪತ್ರಿಕೆಯನ್ನು ಅದರಲ್ಲಿ ಹಾಕಿಕೊಟ್ಟಿದ್ದ. ಆ ಅಮ್ಮ ಅದನ್ನು ದೇವರ ಮುಂದೆ ಇಟ್ಟು, ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ಮುಖಕ್ಕೆ ಕುಂಕುಮ ಇಟ್ಟಿದ್ದರು. ಮುಖ ಅಂದರೆ ಸರಿಯಾಗಿ ಕಂಪ್ಯೂಟರಿಗೆ ಚುಚ್ಚುವ ಬಾಯಿಗೆ.

ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ. ಸ್ಪಿರಿಟ್ ಹಾಕಿ ಒರೆಸಿದೆ. ಅಮ್ಮ ಪಕ್ಕದಲ್ಲಿ ನಿಂತು, "ಪೂರಾ ಅಳಿಸಬೇಡ ತಾಯೀ, ಚೂರು ಬಿಡು," ಅನ್ನುತ್ತಲೇ ಇದ್ದರು. ಕೊನೆಗೂ ಪೆನ್‌ಡ್ರೈವಿಗೆ ಜೀವ ಬಂತು. ಒಳಗಿದ್ದ ಫೈಲು ನೋಡಿದರೆ ಸಿಡಿಆರ್, ಡಿಸೈನ್ ಮಾಡುವವರ ಕುಲ. ಚಿತ್ರದ ಬದಲು ಒಂದು ಬಿಳಿ ಹಾಳೆಯ ಗುರುತು ಕಾಣಿಸಿತು.

ಅಮ್ಮ ಎದೆ ಮುಟ್ಟಿಕೊಂಡರು. "ಬಿಳೀ ಹಾಳೆ! ನೀನು ಉಜ್ಜಿದ್ದಕ್ಕೆ ಮಾಪಿಳ್ಳೆ ಹೆಸರೂ ಹೋಯ್ತಾ?"

"ಹೋಗಿಲ್ಲಮ್ಮಾ. ಇದನ್ನ ತೆರೆಯೋದು ನನ್ನ ಹತ್ರ ಇಲ್ಲ, ಅಷ್ಟೆ."

ಡಿಸೈನ್ ಮಾಡಿದವನಿಗೆ ಫೋನ್ ಮಾಡಿ ಪಿಡಿಎಫ್ ತರಿಸಿದೆ. ಮಾಪಿಳ್ಳೆಯ, ಅಂದರೆ ಮದುಮಗನ, ಹೆಸರು ಇದ್ದಲ್ಲೇ ಇತ್ತು. ಮಾದರಿಗೆ ಒಂದು ಬಣ್ಣದ ಪ್ರಿಂಟ್ ತೆಗೆದು ಕೈಗೆ ಕೊಟ್ಟೆ. ಅಮ್ಮ ಬೆಳಕಿಗೆ ಹಿಡಿದು ನಾಲ್ಕೂ ಮೂಲೆ ನೋಡಿದರು, ಹಿಂದೆ ತಿರುಗಿಸಿ ನೋಡಿದರು, ನನ್ನ ಮುಖ ನೋಡಿದರು.

"ಎಲ್ಲಾ ಸರಿ ತಾಯೀ. ನಾನು ಹಚ್ಚಿದ ಅರಿಶಿನ ಮಾತ್ರ ಪ್ರಿಂಟಲ್ಲಿ ಬಂದಿಲ್ಲವಲ್ಲ?"

ಗೂಡಲೂರಿನ ಸಂಬಂಧ

ಈಗ ಮಾವನ ಮನೆಯ ಮಾತಿಗೆ ಬರುತ್ತೇನೆ. ಮೂರನೆಯ ಗಂಡು ಗೂಡಲೂರಿನವನು. ನಮ್ಮವರೇ, ಕುಲ ಬೇರೆ, ತೆಂಗು ಬಾಳೆ ತೋಟ ಇದೆ. ಹುಡುಗಿ ದಿನಾ ಕಂಬಂಗೆ ಹೋಗುವ ಬಸ್ಸಿನಲ್ಲಿ ಇವನನ್ನು ಎಷ್ಟೋ ಸಲ ನೋಡಿದ್ದಳು. ನೋಡಿದ್ದಳು ಅಂತ ನನಗೆ ಹೇಳಿದಳು, ಮಾತಾಡಿಲ್ಲ ಅಂತ ಹೇಳಲಿಲ್ಲ.

ಗಂಡಿನ ಮನೆಯವರು ಜಾತಕವನ್ನು ಮಾವನ ಫೋನಿಗೆ ಕಳಿಸಿದರು. ಮಾವ ಒತ್ತಿದರು, 'ಈ ಫೈಲನ್ನು ತೆರೆಯಲಾಗದು' ಅಂತ ಬಂತು. ಮಗನ ಫೋನಿನಲ್ಲಿ ಒತ್ತಿದರು, ಅದೂ ಹಾಗೇ ಅಂದಿತು. ಮಾವ ಮನೆಯವರನ್ನೆಲ್ಲ ಕೂರಿಸಿ ಹೇಳಿದರಂತೆ, "ಎರಡು ಸಲ ಬೇಡ ಅಂದೈತೆ. ಮೂರನೇ ಸಲ ಅಂಗಡೀಲಿ ಕೇಳ್ತೀನಿ. ಅಲ್ಲೂ ಬಾಯಿ ಬಿಡಲಿಲ್ಲ ಅಂದ್ರೆ ಈ ಸಂಬಂಧ ವೇಂಡಾ, ಬೇಡವೇ ಬೇಡ."

ಮಾವ ಬರುವ ಮೊದಲೇ ಹುಡುಗಿ ನನ್ನ ಅಂಗಡಿಯಲ್ಲಿದ್ದಳು. ಶಾಲೆಗೆ ರಜೆ ಹಾಕಿದ್ದಳು. "ಅತ್ತೆ, ಹಲ್ಲಿಗೆ ಒಂದು ಗಂಡು ಹೋಯ್ತು, ಕರೆಂಟಿಗೆ ಒಂದು ಹೋಯ್ತು. ಇವನು ಹೋದ್ರೆ ನಾನು ಇನ್ಯಾರನ್ನೂ ನೋಡಾಕಿಲ್ಲ. ಹೆಂಗಾದ್ರೂ ತೆರೆದುಬಿಡಿ," ಅಂದಳು. ಕಣ್ಣು ತುಂಬಿತ್ತು. ಗೋಡೆಯ ಮೇಲಿನ ಆ ಸಾಲನ್ನು ನಾನು ಅಷ್ಟು ಹೆದರಿಕೆಯಿಂದ ಎಂದೂ ನೋಡಿರಲಿಲ್ಲ.

ರಾಹುಕಾಲ ಕಳೆದ ಮೇಲೆ ಮಾವ ಬಂದು ಕೂತರು. ಮೊದಲು ಕೇಳಿದ್ದೇ, "ಚುಕ್ಕಿ ಆದಮೇಲೆ ಏನೈತೆ?"

ನೋಡಿದೆ. ಓಎಕ್ಸ್‌ಪಿಎಸ್ ಅಂತ ಇತ್ತು. ಪ್ರಿಂಟರೇ ಇಲ್ಲದ ಕಂಪ್ಯೂಟರಿನಲ್ಲಿ ಪ್ರಿಂಟ್ ಒತ್ತಿದರೆ ಒಮ್ಮೊಮ್ಮೆ ಹೀಗೆ ಉಳಿಯುತ್ತದೆ. ಗೂಡಲೂರಿನಲ್ಲಿ ಯಾರೋ ಹಾಗೆ ಮಾಡಿದ್ದರು.

"ಇದು ಯಾವ ಕುಲ? ನಾನು ಕೇಳೇ ಇಲ್ಲ," ಅಂದರು ಮಾವ.

"ಅಪರೂಪದ್ದು ಮಾವ. ಒಳ್ಳೇ ಕುಲವೇ."

ಒತ್ತಿದೆ. 'ಇದನ್ನು ಯಾವುದರಲ್ಲಿ ತೆರೆಯಬೇಕು?' ಅಂತ ಒಂದು ಕಿಟಕಿ ಬಂತು. ಮಾವ ಕೋಲು ಊರಿ ಎದ್ದರು. "ಮುಗೀತು. ಅದಕ್ಕೇ ಗೊತ್ತಿಲ್ಲ."

"ಕೂತ್ಕೊಳ್ಳಿ ಮಾವ. ಕೇಳಿದರೆ ಬೇಡ ಅಂದಂಗಾ? ಹೆಣ್ಣಿನ ಕಡೆಯವರು ಗಂಡಿನ ವಿಚಾರ ನಾಲ್ಕು ಕಡೆ ಕೇಳೋಲ್ವಾ? ಹಂಗೇ ಇದೂ ವಿಚಾರಿಸ್ತಾ ಇದೆ."

ಮಾವ ಯೋಚಿಸಿದರು. ನ್ಯಾಯ ಅಂತ ತೋರಿರಬೇಕು, ಕೂತರು. ಆ ಫೈಲು ತೆರೆಯುವ ಸಾಫ್ಟ್‌ವೇರ್ ಇಳಿಯಲು ಹೊತ್ತು ಹಿಡಿಯಿತು. ಹುಡುಗಿ ಕಾಫಿ ತಂದಳು, ಟೀ ತಂದಳು, ಕೊನೆಗೆ ಬರೀ ನೀರು ತಂದಳು. ಕರೆಂಟ್ ಹೋಗದಿರಲಿ ಅಂತ ನಾನು ಗೊತ್ತಿರುವ ದೇವರಿಗೆಲ್ಲ ಹರಕೆ ಹೊತ್ತೆ. ಮತ್ತೆ ಒತ್ತಿದೆ. ತೆರೆಯಿತು!

"ತೆರೀತು ಮಾವ!" ಅಂತ ಕೂಗಿಬಿಟ್ಟೆ. ಹುಡುಗಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಮಾವ ಕನ್ನಡಕವನ್ನು ಮನೆಯಲ್ಲೇ ಮರೆತು ಬಂದಿದ್ದರು. "ಓದವ್ವಾ," ಅಂದರು.

ಹಾಳೆಯ ಮೇಲ್ಭಾಗ ಸ್ಕ್ಯಾನಿನಲ್ಲಿ ಕತ್ತರಿಸಿ ಹೋಗಿತ್ತು. ಕಂಡಷ್ಟನ್ನು ಓದಿದೆ. "ಆರೋಗ್ಯ ಉತ್ತಮ. ಕಣ್ಣಿನಲ್ಲಿ ದೋಷವಿಲ್ಲ. ಹಲ್ಲು ಸರಿಯಾಗಿವೆ. ನಡಿಗೆಯಲ್ಲಿ ಕುಂಟಿಲ್ಲ."

ಮಾವ ತಲೆದೂಗಿದರು. "ನೋಡು, ಎಂಥಾ ಜನ! ಮುಚ್ಚುಮರೆ ಇಲ್ಲ. ಗ್ರಹಕ್ಕೆ ಮೊದಲು ಹಲ್ಲು ಬರೆದವ್ರೆ. ಮುಂದೆ?"

"ಮದ್ಯ ಕುಡಿದ ಲಕ್ಷಣವಿಲ್ಲ. ಡಾಕ್ಟರು ಪರೀಕ್ಷಿಸಿ ಸಹಿ ಹಾಕಿದ್ದಾರೆ."

"ಜಾತಕಕ್ಕೆ ಡಾಕ್ಟರ್ ಸಹಿ! ಇಂಥ ಮರ್ಯಾದಸ್ಥರನ್ನ ನಾನು ನೋಡಿಲ್ಲ. ಮುಂದೆ?"

ನನಗೆ ಎಲ್ಲೋ ಏನೋ ಎಡವಟ್ಟಾಗಿದೆ ಅನ್ನಿಸಿತು. ಆದರೆ ಬಾಯಿ ಆಗಲೇ ಮುಂದಿನ ಸಾಲಿಗೆ ಹೋಗಿತ್ತು. "ಕೊಂಬು ಎರಡೂ ಇವೆ. ತುದಿ ಹರಿತವಾಗಿಲ್ಲ."

ನಾನು ಪುಟ ಕೆಳಗೆ ಸರಿಸಿದೆ. ಎರಡನೆಯ ಪುಟದಲ್ಲಿ ಫೋಟೊ. ಗುಡ್ಡದಂಥ ಕರಿಯ ಹೋರಿ, ಕೊರಳಿಗೆ ಗೊಂಡೆ, ಬೆನ್ನಿನ ಮೇಲೆ ಎತ್ತರದ ಹಿಣಿಲು. ಅಂಚಿನಲ್ಲಿ ಹಗ್ಗ ಹಿಡಿದು ನಿಂತ ಹುಡುಗನ ಅರ್ಧ ಮುಖ. ಜಲ್ಲಿಕಟ್ಟಿಗೆ ಹೋರಿ ಬಿಡಬೇಕಾದರೆ ದನದ ಡಾಕ್ಟರು ಕೊಡುವ ಸರ್ಟಿಫಿಕೇಟ್ ಅದು. ಗಂಡಿನ ಜಾತಕದ ಬದಲು ಮನೆಯ ಹೋರಿಯ ಕಾಗದ ಕಳಿಸಿಬಿಟ್ಟಿದ್ದರು.

ಹುಡುಗಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ಹಲ್ಲಿಗೆ ಒಂದು ಸಂಬಂಧ ಮುರಿದವರು ಇದಕ್ಕೆ ಬಿಟ್ಟಾರೆಯೇ ಅಂತ ನಾನು ಫೋಟೊ ಮುಚ್ಚಲು ಮೌಸಿಗೆ ಕೈ ಹಾಕಿದೆ.

ಮಾವ ನನ್ನ ಕನ್ನಡಕವನ್ನೇ ಕಿತ್ತುಕೊಂಡು ಹಾಕಿಕೊಂಡರು. ಪರದೆಯ ಹತ್ತಿರ ಬಂದು ಬಗ್ಗಿ ನೋಡಿದರು. ಮೆಲ್ಲಗೆ ಚಪ್ಪಲಿ ಬಿಟ್ಟರು. ಕಂಪ್ಯೂಟರಿಗೆ ಕೈ ಮುಗಿದರು.

ನಮ್ಮ ಹಿರಿಯರು ಕನ್ನಡ ನಾಡಿನಿಂದ ದನದ ಹಿಂಡು ಹೊಡೆದುಕೊಂಡು ಈ ಕಣಿವೆಗೆ ಬಂದವರು ಅಂತ ಹೇಳುತ್ತಾರೆ. ಹೋರಿ ನಮಗೆ ದೇವರು, ಅದಕ್ಕೆ ಕೈ ಮುಗಿಯದೆ ಮನೆಯಲ್ಲಿ ಶುಭಕಾರ್ಯ ಶುರುವಾಗುವುದಿಲ್ಲ. ಇದು ನನಗೆ ಗೊತ್ತಿದ್ದದ್ದೇ. ಗಾಬರಿಯಲ್ಲಿ ಮರೆತಿದ್ದೆ.

"ಗಂಡು ಹೆಂಗವ್ನೆ ಅಂತ ಕೇಳಿದೆ, ದೇವರೇ ಬಂದು ನಿಂತೈತೆ," ಅಂದರು ಮಾವ. "ಇದಕ್ಕಿಂತ ಒಳ್ಳೇ ಸಕುನ ಇನ್ನೇನು ಬೇಕು? ಮೊಮ್ಮಗಳನ್ನ ಕೊಡ್ತೀವಿ ಅಂತ ಫೋನ್ ಮಾಡವ್ವಾ."

"ಮಾವ, ಆ ಗೊತ್ತಿಲ್ಲದ ಕುಲ?"

"ಚುಮ್ಮಾ ಇರು. ಹೋರಿಗೆ ಯಾರಾದ್ರೂ ಕುಲ ಕೇಳ್ತಾರಾ?"

ಗಂಡಿನ ಮನೆಗೆ ಫೋನ್ ಮಾಡಿ ಒಪ್ಪಿಗೆ ಹೇಳಿದೆ, ನಡೆದದ್ದನ್ನೂ ಹೇಳಿದೆ. ಆ ಕಡೆ ಸಂತೋಷದ ಗದ್ದಲ ಎದ್ದಿತು. ಹುಡುಗನ ಅಪ್ಪ ಮೆಲ್ಲಗೆ ಕೇಳಿದರು, "ಹೋರಿ ಕಾಗದ ನಿಮಗೆ ಬಂದಿದ್ರೆ, ಜಲ್ಲಿಕಟ್ಟು ಅರ್ಜಿಗೆ ನಾವು ಹಾಕಿದ್ದು ಏನು?"

ಹಾಕಿದ್ದು ಹುಡುಗನ ಜಾತಕ. ಹೋರಿಯ ಕಾಗದ ನೋಡಿ ನಾವು ಹುಡುಗನನ್ನು ಒಪ್ಪಿದ್ದೆವು. ಹುಡುಗನ ಜಾತಕ ತೆಗೆದುಕೊಂಡು ಜಲ್ಲಿಕಟ್ಟು ಅರ್ಜಿಯ ಕಂಪ್ಯೂಟರು ಹೋರಿಯನ್ನು ಒಪ್ಪಿ, ಅದನ್ನು ಅಖಾಡಕ್ಕೆ ಬಿಡುವ ಟೋಕನ್ನನ್ನೂ ಕಳಿಸಿಬಿಟ್ಟಿತ್ತು.

ಅಷ್ಟರಲ್ಲಿ ಹುಡುಗಿಯ ಫೋನು ಬಡಿದುಕೊಂಡಿತು. ಮಾತಾಡಿಲ್ಲ ಅಂತ ಹೇಳದಿದ್ದವಳು ನಮ್ಮೆಲ್ಲರ ಎದುರೇ ಎತ್ತಿದಳು. ಆ ಕಡೆಯಿಂದ ಹುಡುಗನ ದನಿ ಬೆಂಚಿನವರೆಗೂ ಕೇಳಿಸಿತು. "ಏನು ಮಾಡ್ಲಿ? ನನ್ನ ಜಾತಕಕ್ಕೆ ಟೋಕನ್ ಬಂದೈತೆ. ನಾನೇ ಓಡಬೇಕಾ?"

ಹುಡುಗಿ ತಾತನ ಕಡೆ ಒಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು ಹೇಳಿದಳು. "ಓಡೋದಿದ್ರೆ ತಾಳಿ ಕಟ್ಟಿ ಆಮೇಲೆ ಓಡು. ಹಗ್ಗ ನನ್ನ ಕೈಲಿರ್ತೈತೆ."